ಓದದೆ ಬಿಟ್ಟ ಎರಡು ಪುಟ

ಜುಲೈ 6

ಪ್ರೀತಿಯ ಪುಟ್ಟಿ,

ನಿನ್ನ ಮನಶ್ಶಾಸ್ತ್ರದ ಪುಸ್ತಕದ ಮೊದಲ ಅಧ್ಯಾಯ ಓದಿ ಮುಗಿಸಿದೆ. ಕ್ಯಾಸೆಟ್ಟು ಇದೇ ಪೊಟ್ಟಣದಲ್ಲಿದೆ. ಮೂಲೆಯಲ್ಲಿ ಒಂದು ಗೀರು ಹಾಕಿದ್ದೇನೆ. ಒಂದು ಗೀರು ಅಂದರೆ ಒಂದನೆಯ ಅಧ್ಯಾಯ, ಬೆರಳಾಡಿಸಿದರೆ ಸಿಗುತ್ತದೆ.

ಈ ಮಾತುಗಳನ್ನೂ ಅದರಲ್ಲೇ ಹೇಳಿ ಕಳಿಸಬಹುದಿತ್ತು. ಆದರೆ ಕ್ಯಾಸೆಟ್ಟು ಹಾಕಿದರೆ ಗೋಡೆಯಾಚೆಯವರಿಗೂ ಕೇಳುತ್ತದೆ. ಬ್ರೈಲ್ ಚುಕ್ಕಿ ಒತ್ತಿ ಬರೆದರೆ ಅದು ನಮ್ಮಿಬ್ಬರದೇ. ನೀನು ಬೆರಳಿನಲ್ಲಿ ಓದುತ್ತೀ, ನಿನ್ನದು ಬಂದರೆ ನಾನು ಕಿಟಕಿಯ ಬೆಳಕಿಗೆ ಹಾಳೆಯನ್ನು ಓರೆ ಹಿಡಿದು ಕಣ್ಣಿನಲ್ಲಿ ಓದುತ್ತೇನೆ.

ಹುಟ್ಟಿನಿಂದ ಕಣ್ಣು ಕಾಣದ ಹುಡುಗಿಯನ್ನು ಅಷ್ಟು ದೂರದ ಕಾಲೇಜಿಗೆ ಹೇಗೆ ಕಳಿಸಿದಿರಿ ಎಂದು ಪ್ರೆಸ್ಸಿನಲ್ಲಿ ದಿನಕ್ಕೊಬ್ಬರು ಕೇಳುತ್ತಾರೆ. ಪ್ರೂಫು ತಿದ್ದುತ್ತಾ ಕೂತವಳು ತಲೆ ಎತ್ತದೆ, "ಬಸ್ಸಿನಲ್ಲಿ" ಅನ್ನುತ್ತೇನೆ. ಉತ್ತರ ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು. ಧೈರ್ಯದಿಂದ ಕಳಿಸಿದೆನೋ, ನಿನ್ನ ಹಟಕ್ಕೆ ಸೋತು ಕಳಿಸಿದೆನೋ, ನನಗೇ ಸರಿಯಾಗಿ ಗೊತ್ತಿಲ್ಲ.

ಊಟ ಬಿಡಬೇಡ. ಅಜ್ಜಿ ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಅಮ್ಮ

&nbsp;

ಜುಲೈ 19

ಅಮ್ಮಾ,

ದಮ್ಮಯ್ಯ, ಕಾಮಾ ಪೂರ್ಣವಿರಾಮ ಎಲ್ಲ ಓದಬೇಡ! "ಮನಸ್ಸು ಎಂದರೇನು ಪ್ರಶ್ನೆಚಿಹ್ನೆ ಹೊಸ ಪ್ಯಾರಾ" ಅಂತ ನಿನ್ನ ದನಿ ಬಂದಾಗ ರೇಡಿಯೋ ನಕ್ಕು ನಕ್ಕು ಮಂಚದಿಂದ ಕೆಳಗೆ ಬಿದ್ದಳು. ರೇಡಿಯೋ ಅಂದರೆ ನನ್ನ ರೂಮ್‌ಮೇಟ್. ಎದ್ದಾಗಿನಿಂದ ಮಲಗುವ ತನಕ ಮಾತಾಡುತ್ತಾಳೆ, ನಡುವೆ ಸುದ್ದಿಯೂ ಇರುತ್ತದೆ. ಪ್ರೆಸ್ಸಿನಲ್ಲಿ ಒಬ್ಬರು ಮೂಲಪ್ರತಿ ಗಟ್ಟಿಯಾಗಿ ಓದುವಾಗ ಚಿಹ್ನೆಗಳನ್ನೂ ಓದಬೇಕು, ಇನ್ನೊಬ್ಬರು ಅದನ್ನು ಪ್ರೂಫಿನಲ್ಲಿ ನೋಡಿಕೊಳ್ಳಬೇಕು, ಅಮ್ಮನಿಗೆ ಅದೇ ರೂಢಿ ಅಂತ ವಿವರಿಸಿದೆ. "ಹಾಗಾದ್ರೆ ನಿಮ್ಮಮ್ಮ ಬೈಯುವಾಗ ಆಶ್ಚರ್ಯಚಿಹ್ನೆನೂ ಹೇಳ್ತಾರಾ?" ಅಂತ ಕೇಳಿದಳು.

ಅಜ್ಜಿ ಅಂತೂ ಇಡೀ ಮಹಡಿಗೆ ಗೊತ್ತಾಗಿಬಿಟ್ಟಿದ್ದಾಳೆ. ನೀನು ಓದುತ್ತಿರುವಾಗ ಹಿಂದಿನಿಂದ, "ಇಷ್ಟು ಹೊತ್ತಾಯ್ತು, ಮನಸ್ಸು ಎಲ್ಲಿದೆ ಅಂತ ಅವರಿಗಿನ್ನೂ ಸಿಕ್ಕಿಲ್ವೇನೇ?" ಅಂದಳಲ್ಲ, ಅದನ್ನು ಕೇಳಲು ಪಕ್ಕದ ಕೋಣೆಯವರೂ ಬಂದಿದ್ದರು. ಹಿಂದೆ ತಿರುಗಿಸಿ ತಿರುಗಿಸಿ ಹಾಕಿಸಿಕೊಂಡರು.

ಪ್ರಯೋಗಶಾಲೆಗೂ ಹೋಗಿದ್ದೆ. ಎಣ್ಣೆ ಹಾಕಿದ ಹಿತ್ತಾಳೆಯ ವಾಸನೆ. ಉದ್ದನೆಯ ಮೇಜು, ಅದರ ಅಂಚಿನಲ್ಲಿ ಯಾರೋ ಹಿಂದಿನ ವಿದ್ಯಾರ್ಥಿ ಹೆಸರು ಕೆತ್ತಿದ್ದಾನೆ, ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಸಿಕ್ಕಿಬಿದ್ದಿರಬೇಕು. ಒಂದೊಂದೇ ಉಪಕರಣ ಮುಟ್ಟಿ ನೋಡುತ್ತಿದ್ದೆ. ಹಿಂದಿನಿಂದ ಒಂದು "ಟಿಕ್". ನಮ್ಮ ವಿಭಾಗದ ಮುಖ್ಯಸ್ಥರು. ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡೇ ಇರುತ್ತಾರೆ, ತಡವಾಗಿ ಬಂದವರನ್ನು ಕಂಡರೆ ಒತ್ತುತ್ತಾರೆ. ಎಲ್ಲರೂ ಅವರನ್ನು ಕರೆಯುವುದೇ ಸ್ಟಾಪ್‌ವಾಚ್ ಅಂತ. "ಮುಟ್ಟಬೇಡಮ್ಮ, ಸೂಕ್ಷ್ಮ ವಸ್ತುಗಳು," ಅಂದರು. ಉಳಿದವರೆಲ್ಲ ನೋಡುತ್ತಿದ್ದರು, ಅವರಿಗೆ ಯಾರೂ ನೋಡಬೇಡಿ ಅನ್ನಲಿಲ್ಲ.

ಎರಡನೆಯ ಅಧ್ಯಾಯ ಬೇಗ ಕಳಿಸು.

ಪುಟ್ಟಿ

&nbsp;

ಆಗಸ್ಟ್ 4

ಪ್ರೀತಿಯ ಪುಟ್ಟಿ,

ಎರಡು ಗೀರಿನ ಮತ್ತು ಮೂರು ಗೀರಿನ ಕ್ಯಾಸೆಟ್ಟುಗಳಿವೆ. ಎರಡನೆಯದು ತತ್ವಜ್ಞಾನಿಗಳ ಅಧ್ಯಾಯ. ಅನುಭವದಿಂದ ತಿಳಿವೋ, ತಿಳಿವು ಮೊದಲೇ ಒಳಗಿರುತ್ತದೋ ಎಂದು ನೂರಾರು ವರ್ಷ ಜಗಳಾಡಿದ್ದಾರೆ. ಓದಿ ಓದಿ ಗಂಟಲು ಕಟ್ಟಿತು. ಅಲ್ಲಲ್ಲಿ ಬೇಸರವಾದರೆ ಮುಂದಕ್ಕೆ ಓಡಿಸು.

ಮೂರನೆಯದು ನನಗೆ ಇಷ್ಟವಾಯಿತು. ಪ್ರಯೋಗಶಾಲೆ ಎಂಬ ಹೆಸರಿನ ಕೋಣೆ ಹುಟ್ಟುವ ಮೊದಲೇ ಒಬ್ಬ ವೈದ್ಯಶಾಸ್ತ್ರದ ಮೇಷ್ಟ್ರು ಕೈವಾರದ ಎರಡು ಮೊನೆಗಳನ್ನು ಜನರ ಚರ್ಮಕ್ಕೆ ತಾಗಿಸಿ, "ಒಂದೋ ಎರಡೋ?" ಎಂದು ಕೇಳುತ್ತಾ ಹೋದರಂತೆ. ಬೆರಳ ತುದಿಯಲ್ಲಿ ಮೊನೆಗಳು ತೀರ ಹತ್ತಿರವಿದ್ದರೂ ಎರಡು ಎಂದು ತಿಳಿಯುತ್ತದೆ. ಬೆನ್ನಿನ ಮೇಲೆ ಎರಡು ಬೆರಳಗಲ ದೂರವಿಟ್ಟರೂ ಒಂದೇ ಅನ್ನಿಸುತ್ತದೆ. ಕೈಯಲ್ಲಿ ತೂಕ ಕೊಟ್ಟು, ಎಷ್ಟು ಹೆಚ್ಚಿಸಿದರೆ ಹೆಚ್ಚಾಯಿತೆಂದು ಗೊತ್ತಾಗುತ್ತದೆ ಎಂದೂ ನೋಡಿದರು. ಮನಸ್ಸನ್ನು ಅಳೆಯಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ.

ನಾನೂ ಅಜ್ಜಿಯ ಮೇಲೆ ಪ್ರಯೋಗ ಮಾಡಿದೆ. ಎರಡು ಹೇರ್‌ಪಿನ್ನು ಬೆನ್ನಿಗೆ ತಾಗಿಸಿದರೆ, "ಒಂದೇ. ಚುಚ್ಚಬೇಡ್ವೇ." ಬೆರಳಿಗೆ ತಾಗಿಸಿದರೆ, "ಎರಡು. ನನ್ನೇನು ದಡ್ಡಿ ಅಂದ್ಕೊಂಡ್ಯಾ?" ಆಮೇಲೆ ಬಹಳ ಹೊತ್ತು ತನ್ನ ಬೆರಳನ್ನೇ ನೋಡುತ್ತಾ ಕೂತಿದ್ದಳು.

ನಿನ್ನ ಅಮ್ಮ

&nbsp;

ಆಗಸ್ಟ್ 21

ಅಮ್ಮಾ,

ಸುಮ್ಮನೆ ಸುತ್ತಿಬಳಸದೆ ಬರೆಯುತ್ತೇನೆ. ಮುಖ್ಯಸ್ಥರು ಕೋಣೆಗೆ ಕರೆಸಿ, ನಾನು ಬೇರೆ ವಿಷಯಕ್ಕೆ ಹೋಗಬೇಕು ಅಂದರು.

"ನೋಡಮ್ಮ, ನೀನು ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇದು ವೀಕ್ಷಣೆಯ ಶಾಸ್ತ್ರ. ನವೆಂಬರಿನಲ್ಲಿ ಪ್ರಾಯೋಗಿಕ ಪರೀಕ್ಷೆ ಇದೆ. ಗೆರೆ ಉದ್ದವೋ ಗಿಡ್ಡವೋ ನೋಡ್ಬೇಕು, ಬಣ್ಣದ ತಟ್ಟೆ ತಿರುಗಿಸಿ ನೋಡ್ಬೇಕು, ಕನ್ನಡಿ ನೋಡಿ ನಕ್ಷತ್ರ ಬರೀಬೇಕು. ನೀನು ಹೇಗೆ ಮಾಡ್ತೀಯ?"

"ಕನ್ನಡಿಯದ್ದು ಯಾಕೆ ಸಾರ್?"

"ತಿರುಗುಮುರುಗಾಗಿ ಕಂಡಾಗ ಕೈ ಹೇಗೆ ಕಲಿಯುತ್ತೆ ಅಂತ ನೋಡೋಕೆ."

ನಗು ತಡೆಯಲಾಗಲಿಲ್ಲ. ಬ್ರೈಲ್ ಪಟ್ಟಿಯಲ್ಲಿ ಬಲದಿಂದ ಎಡಕ್ಕೆ ಒತ್ತಿ, ಹಾಳೆ ಮಗುಚಿ, ಎಡದಿಂದ ಬಲಕ್ಕೆ ಓದುವವಳು ನಾನು. ಚಿಕ್ಕಂದಿನಿಂದ ತಿರುಗುಮುರುಗೇ ಬರೆದಿದ್ದೇನೆ ಸಾರ್ ಅಂದೆ. ಅವರು ನಗಲಿಲ್ಲ. ಒರಟಾಗಿಯೂ ಮಾತಾಡಲಿಲ್ಲ. ಅದೇ ಕಷ್ಟ. ಒರಟಾಗಿದ್ದರೆ ಜಗಳ ಸುಲಭ.

ಆಮೇಲೆ ರೇಡಿಯೋ ಜೊತೆ ಪ್ರಯೋಗಶಾಲೆಗೆ ಹೋದೆ. ನಿನ್ನ ಮೂರನೆಯ ಅಧ್ಯಾಯದ ಕೈವಾರ ಅಲ್ಲೇ ಇದೆ, ಪುಟ್ಟ ಮರದ ಪೆಟ್ಟಿಗೆಯಲ್ಲಿ. ಅದರ ಪಕ್ಕ ಮಡಿಸಿಟ್ಟ ಬಟ್ಟೆ. "ಇದೇನೇ?" ಅಂದೆ. "ಕಪ್ಪು ಬಟ್ಟೆ. ಪ್ರಯೋಗಕ್ಕೆ ಕೂತವರ ಕಣ್ಣಿಗೆ ಕಟ್ಟೋದಂತೆ. ನೋಡಿದ್ರೆ ಉತ್ತರ ಕೆಟ್ಟುಹೋಗುತ್ತಂತೆ," ಅಂದಳು. ಹೇಳಿ ಮುಗಿಸಿ ಬಟ್ಟೆಯನ್ನು ನನ್ನ ಕೈಗಿಟ್ಟಳು.

ನಾನು ಹೋಗುವುದಿಲ್ಲ ಅಮ್ಮಾ.

ಪುಟ್ಟಿ

&nbsp;

ಆಗಸ್ಟ್ 29

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಕೈಯಲ್ಲಿ ಹಿಡಿದುಕೊಂಡೇ ಪ್ರೆಸ್ಸಿಗೆ ಹೋದೆ, ಹಿಡಿದುಕೊಂಡೇ ಬಂದೆ. ಏನು ಬರೆದರೂ ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಸಂಗೀತ ವಿಭಾಗದಲ್ಲಿ ಇನ್ನೂ ಜಾಗವಿದೆ ಎಂದು ನಿನ್ನ ಹಾಸ್ಟೆಲಿನ ವಾರ್ಡನ್‌ಗೆ ಫೋನು ಮಾಡಿ ತಿಳಿದುಕೊಂಡೆ. ನಿನ್ನ ಕಂಠ ಚೆನ್ನಾಗಿದೆ. ಅಲ್ಲಿ ಯಾರೂ ನಿನಗೆ ಮುಟ್ಟಬೇಡ ಅನ್ನುವುದಿಲ್ಲ. ನೀನು ಗೆಲ್ಲಲಾರೆ ಎಂದು ನಾನು ಹೇಳುತ್ತಿಲ್ಲ. ಗೆದ್ದ ಮೇಲೂ ಪ್ರತಿ ವರ್ಷ ಮತ್ತೆ ಗೆಲ್ಲಬೇಕಾಗುತ್ತದೆ, ಪ್ರತಿ ಬಾಗಿಲಿನಲ್ಲೂ ನಿನ್ನನ್ನು ನೀನೇ ಸಮರ್ಥಿಸಿಕೊಳ್ಳಬೇಕಾಗುತ್ತದೆ. ಅದು ಬಹಳ ಸುಸ್ತಿನ ಕೆಲಸ. ನಿನ್ನಪ್ಪ ಹೋದ ಮೇಲೆ ನಾನು ಸ್ವಲ್ಪ ಮಾಡಿ ನೋಡಿದ್ದೇನೆ.

ಹಟವೂ ಧೈರ್ಯವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಯೋಚಿಸು.

ನಿನ್ನ ಅಮ್ಮ

&nbsp;

ಸೆಪ್ಟೆಂಬರ್ 18

ಪುಟ್ಟಿ,

ನಿನ್ನಿಂದ ಕಾಗದವಿಲ್ಲ. ನಾಲ್ಕನೆಯ ಅಧ್ಯಾಯ ಕಳಿಸುತ್ತಿದ್ದೇನೆ, ಮೊದಲ ಪ್ರಯೋಗಶಾಲೆಯದು. ಅದರಲ್ಲೊಂದು ವಿಚಿತ್ರ ಸಂಗತಿಯಿದೆ: ಆಗ ಅಳೆಯುವವರು, ಅಳೆಸಿಕೊಳ್ಳುವವರು ಎಂದು ಬೇರೆ ಬೇರೆ ಜನ ಇರಲಿಲ್ಲವಂತೆ. ಇವತ್ತು ವಿದ್ಯಾರ್ಥಿ ಕೂತರೆ ನಾಳೆ ಅವನೇ ಯಂತ್ರ ನಡೆಸುತ್ತಿದ್ದ. ಪ್ರೊಫೆಸರರೂ ಕುರ್ಚಿಯಲ್ಲಿ ಕೂತು ತಮ್ಮ ವಿದ್ಯಾರ್ಥಿಗಳಿಂದ ಅಳೆಸಿಕೊಳ್ಳುತ್ತಿದ್ದರು.

ನಿನ್ನ ಮುಖ್ಯಸ್ಥರಿಂದ ಒಂದು ಕಾಗದ ಬಂದಿದೆ. ನೀನು ವಿಷಯ ಬದಲಿಸಲು ನನ್ನ ಒಪ್ಪಿಗೆಯಿದೆ ಎಂದು ಸಹಿ ಹಾಕಿ ಕಳಿಸಬೇಕಂತೆ. ಮರ್ಯಾದೆಯಿಂದಲೇ ಬರೆದಿದ್ದಾರೆ. ಮೇಜಿನ ಮೇಲೆ ಇಟ್ಟಿದ್ದೇನೆ, ಮೇಲೊಂದು ಪೆನ್ನು. ಅಜ್ಜಿ ದಿನಾ ಪೆನ್ನು ಎತ್ತಿ ಬೇರೆ ಕಡೆ ಇಡುತ್ತಾಳೆ. ಯಾಕೆ ಅಂದರೆ, "ಧೂಳು ಒರೆಸ್ತಿದ್ದೆ" ಅನ್ನುತ್ತಾಳೆ.

ಏನಾದರೂ ಬರೆ. ಬೈದಾದರೂ ಬರೆ.

ಅಮ್ಮ

&nbsp;

ಸೆಪ್ಟೆಂಬರ್ 27

ಅಮ್ಮಾ,

ಬೈದೇ ಬರೆಯುತ್ತಿದ್ದೇನೆ.

ಈ ತಿಂಗಳ ಮೊದಲ ವಾರ ಎರಡನೆಯ ಅಧ್ಯಾಯದ ಪಾಠ ಇತ್ತು. ನಾನು ಕ್ಯಾಸೆಟ್ಟು ಎರಡು ಸಲ ಕೇಳಿ, ಎಲ್ಲ ಗೊತ್ತು ಅಂತ ಮುಂದಿನ ಬೆಂಚಿನಲ್ಲೇ ಕೂತಿದ್ದೆ. ಮುಖ್ಯಸ್ಥರು ಶುರುಮಾಡಿದರು. "ಹುಟ್ಟುಕುರುಡನೊಬ್ಬ. ಕೈಯಲ್ಲಿ ಮುಟ್ಟಿ ಚೆಂಡು ಯಾವುದು, ದಾಳ ಯಾವುದು ಅಂತ ಅವನಿಗೆ ಗೊತ್ತು. ಒಂದು ದಿನ ಅವನಿಗೆ ಕಣ್ಣು ಬಂತು ಅಂತಿಟ್ಕೊಳ್ಳಿ. ಎರಡನ್ನೂ ಎದುರಿಗಿಟ್ಟು, ಮುಟ್ಟದೆ, ಬರೀ ನೋಡಿ ಹೇಳು ಅಂದ್ರೆ ಹೇಳಬಲ್ಲನೇ?" ಈ ಪ್ರಶ್ನೆ ಹಿಡಿದು ದೊಡ್ಡ ದೊಡ್ಡವರು ಇನ್ನೂರು ವರ್ಷದ ಮೇಲೆ ವಾದ ಮಾಡಿದ್ದಾರೆ ಅಂದರು.

ಇಡೀ ತರಗತಿ ನನ್ನ ಕಡೆ ತಿರುಗಿತು. ನನಗೆ ಹೇಗೆ ಗೊತ್ತು ಅನ್ನಬೇಡ. ಬೆಂಚುಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. "ನಿನಗೇನನ್ಸುತ್ತಮ್ಮ?" ಅಂತ ಕೇಳಿದರು. ಪ್ರೀತಿಯಿಂದಲೇ. ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಪುಸ್ತಕದಲ್ಲಿ ಅದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನನ್ನ ಬಗ್ಗೆ ಬರೆದ ಒಂದೇ ಒಂದು ಜಾಗ, ಎಲ್ಲರೂ ಓದಿಕೊಂಡು ಬಂದಿದ್ದಾರೆ, ನಾನೊಬ್ಬಳು ಬಿಟ್ಟು. "ಓದಿಕೊಂಡು ಬಂದಿಲ್ಲ ಅಂತ ಕಾಣುತ್ತೆ," ಅಂದರು. ಟಿಕ್.

ಕೋಣೆಗೆ ಬಂದು ಕ್ಯಾಸೆಟ್ಟು ಮತ್ತೆ ಹಾಕಿದೆ. ಸಿಕ್ಕಿತು. ನೀನು ಓದುತ್ತಾ ಓದುತ್ತಾ ನಿಲ್ಲಿಸುತ್ತೀ. ಹಾಳೆ ಮಗುಚಿದ ಸದ್ದು. ಇನ್ನೊಂದು ಹಾಳೆ. ಅಜ್ಜಿ, "ಯಾಕೆ ನಿಲ್ಲಿಸ್ದೆ? ಓದು," ಅನ್ನುತ್ತಾಳೆ. ಕಟ್. ಆಮೇಲೆ ನಿನ್ನ ದನಿ ಬೇರೆ ಪುಟದಲ್ಲಿದೆ, ಏನೂ ಆಗದವಳ ಹಾಗೆ.

ಕಾಮಾ ಕೂಡ ಬಿಡದೆ ಓದುವವಳು ಎರಡು ಪುಟ ಬಿಟ್ಟೆಯಲ್ಲ ಅಮ್ಮಾ. ಸ್ಟಾಪ್‌ವಾಚ್ ಪ್ರಯೋಗಶಾಲೆಯಲ್ಲಿ ಮುಟ್ಟಬೇಡ ಅಂದರು. ನೀನು ಮನೆಯಲ್ಲಿ ಕೂತು ಅದನ್ನೇ ಅಂದೆ. ಅವರದ್ದು ನಿಯಮ ಅಂದುಕೊಂಡೆ, ನಿನ್ನದ್ದು ಏನು ಅಂದುಕೊಳ್ಳಲಿ?

ಸಹಿ ಹಾಕುವುದಾದರೆ ಹಾಕು. ಪೆನ್ನು ಅಲ್ಲೇ ಇದೆಯಲ್ಲ.

ಪುಟ್ಟಿ

&nbsp;

ಅಕ್ಟೋಬರ್ 5

ಪುಟ್ಟಿ,

ಮೂರು ಹಾಳೆ ಒತ್ತಿ ಹರಿದೆ. ಮೂರರಲ್ಲೂ ಕಾರಣಗಳಿದ್ದವು. ನಿನಗೆ ನೋವಾಗಬಾರದೆಂದು, ಪರೀಕ್ಷೆಗೆ ಅದು ಬರಲಿಕ್ಕಿಲ್ಲವೆಂದು, ಗಂಟಲು ಕಟ್ಟಿತ್ತೆಂದು. ಒಂದೂ ನಿಲ್ಲಲಿಲ್ಲ. ನಿಜ ಇಷ್ಟೇ: ಆ ಪ್ರಶ್ನೆಯನ್ನು ನಿನ್ನ ಕಿವಿಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ನೋವು ನಿನ್ನದೆಂದು ಲೆಕ್ಕ ಹಾಕಿದೆ, ಅದು ನನ್ನದಾಗಿತ್ತು.

ಆ ಎರಡು ಪುಟಗಳನ್ನು ನಿನ್ನೆ ಮತ್ತೆ ತೆಗೆದೆ. ಆವತ್ತು ಮಗುಚಿದ ರಭಸಕ್ಕೆ ಕೆಳಗಿನ ಅಡಿಟಿಪ್ಪಣಿಯನ್ನೂ ಓದಿರಲಿಲ್ಲ. ಪ್ರಶ್ನೆಯನ್ನು ಮೊದಲು ಕೇಳಿದ ಮಹಾಶಯನ ಹೆಂಡತಿಗೆ ಮದುವೆಯಾದ ಹೊಸತರಲ್ಲೇ ದೃಷ್ಟಿ ಹೋಗಿತ್ತಂತೆ. ಆಕೆ ಹುಟ್ಟುಕುರುಡಿಯಲ್ಲ, ಆ ಪ್ರಶ್ನೆ ಆಕೆಗೆ ನೇರವಾಗಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೂ ಆತ ದೂರದೂರಿನ ತತ್ವಜ್ಞಾನಿಗೆ ಕಾಗದ ಬರೆದು ಕೇಳಿದ. ಅದೇ ಮನೆಯಲ್ಲಿ, ಅದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದವಳನ್ನು ಕೇಳಿದನೋ ಇಲ್ಲವೋ, ನಮ್ಮ ಪುಸ್ತಕ ಒಂದು ಮಾತೂ ಹೇಳುವುದಿಲ್ಲ.

ಆತನನ್ನು ಬೈಯಲು ಹೊರಟೆ. ಆಗ ವಾರ್ಡನ್‌ಗೆ ಫೋನು ಮಾಡಿದ್ದು ನೆನಪಾಯಿತು. ಸಂಗೀತ ವಿಭಾಗದಲ್ಲಿ ಜಾಗವಿದೆಯೇ ಎಂದು ಅವರನ್ನು ಕೇಳಿದೆ. ಸಂಗೀತ ಬೇಕೇ ಎಂದು ನಿನ್ನನ್ನು ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಸಹಿ ಹಾಕಲೇ, ಬೇಡವೇ? ನಾನೇನು ಮಾಡಬೇಕು? ಸುಮ್ಮನಿರು ಅಂದರೆ ಸುಮ್ಮನಿರುತ್ತೇನೆ, ಅದು ಎಲ್ಲಕ್ಕಿಂತ ಕಷ್ಟವಾದರೂ.

ಅಮ್ಮ

&nbsp;

ಅಕ್ಟೋಬರ್ 12

ಅಮ್ಮಾ,

ಸಹಿ ಬೇಡ. ನನ್ನ ಪರವಾಗಿ ಅವರ ಹತ್ತಿರ ವಾದವನ್ನೂ ಮಾಡಬೇಡ. ವಾದ ನನ್ನದು.

ಒಂದು ವಸ್ತು ಬೇಕು. ನಾಲ್ಕನೆಯ ಅಧ್ಯಾಯ ಕೇಳಿ ಮುಖ್ಯಸ್ಥರ ಹತ್ತಿರ ಹೋಗಿ, ಕೈವಾರದ ಪ್ರಯೋಗವನ್ನು ನಾನು ಮಾಡುತ್ತೇನೆ ಅಂದೆ. "ಕೂರೋದಕ್ಕೆ ನೀನು ಸರಿ. ಪರೀಕ್ಷೆಯಲ್ಲಿ ನೀನು ನಡೆಸಬೇಕಲ್ಲಮ್ಮ, ಮೊನೆಗಳ ಅಂತರ ಅಳತೆಪಟ್ಟಿ ನೋಡಿ ಓದಬೇಕು," ಅಂದರು. ಪ್ರೆಸ್ಸಿನಲ್ಲಿ ಅಚ್ಚಿನ ಸಾಲುಗಳ ನಡುವೆ ಇಡುವ ಸೀಸದ ತೆಳುಪಟ್ಟಿಗಳಿವೆಯಲ್ಲ, ಎಲ್ಲ ಒಂದೇ ದಪ್ಪ. ನಿನ್ನ ಮೇಜಿನ ಕೆಳಗೆ ಕೂತು ನಾನು ಗೋಪುರ ಕಟ್ಟುತ್ತಿದ್ದೆ. ಅವನ್ನು ಒಂದು ಹಿಡಿ ಕಳಿಸು. ಮೊನೆಗಳ ನಡುವೆ ಇಟ್ಟು ಎಣಿಸಿದರೆ ಅದೇ ನನ್ನ ಅಳತೆ.

ಸಿಟ್ಟು ಪೂರ್ತಿ ಹೋಗಿಲ್ಲ. ಹೋಗುತ್ತದೆ. ಅಜ್ಜಿಗೆ ಪೆನ್ನಿನ ವಿಚಾರಕ್ಕೆ ಒಂದು ಮುತ್ತು.

ಪುಟ್ಟಿ

&nbsp;

ಅಕ್ಟೋಬರ್ 16

ಮಾನ್ಯ ಮುಖ್ಯಸ್ಥರಿಗೆ,

ನಮಸ್ಕಾರಗಳು. ತಾವು ಕಳಿಸಿದ ಒಪ್ಪಿಗೆಯ ಪತ್ರವನ್ನು ಸಹಿಯಿಲ್ಲದೆ ಹಿಂದಿರುಗಿಸುತ್ತಿದ್ದೇನೆ.

ವಿದ್ಯಾರ್ಥಿನಿಗೆ ಹದಿನೆಂಟು ತುಂಬಿದೆ, ತಮ್ಮದೇ ಕಟ್ಟಡದಲ್ಲಿದ್ದಾಳೆ, ಮಾತು ಚೆನ್ನಾಗಿ ಬರುತ್ತದೆ. ಆಕೆಗೆ ಏನು ಬೇಕೆಂದು ತಿಳಿಯಲು ಬಸ್ಸಿನ ದೂರದಲ್ಲಿರುವ ನನ್ನನ್ನು ಕೇಳುವ ಅಗತ್ಯವಿಲ್ಲ. ಆ ತಪ್ಪನ್ನು ನಾನೂ ಮಾಡಿದ್ದೇನೆ, ಆದ್ದರಿಂದ ತಮ್ಮ ಮೇಲೆ ಕೋಪವಿಲ್ಲ. ಸಹಿಯೂ ಇಲ್ಲ.

ಆಕೆಯ ಪರವಾಗಿ ನಾನು ಹೇಳಬೇಕಾದದ್ದು ಏನೂ ಇಲ್ಲ. ಇದೇ ನನ್ನ ಅಭಿಪ್ರಾಯವೆಂದು ದಾಖಲಿಸಿಕೊಳ್ಳಬೇಕಾಗಿ ವಿನಂತಿ.

ಇಂತಿ,
ವಿದ್ಯಾರ್ಥಿನಿಯ ತಾಯಿ

&nbsp;

ಅಕ್ಟೋಬರ್ 17

ಪುಟ್ಟಿ,

ಸೀಸದ ಪಟ್ಟಿಗಳಿವೆ. ಅಚ್ಚುಕೂಟದವರು ಏನಕ್ಕೆ ಅಂದರು. ಮನಸ್ಸು ಅಳೆಯೋದಕ್ಕೆ ಅಂದೆ. "ಹಾಗಾದ್ರೆ ಮಾಲೀಕರದ್ದು ಅಳೆಯೋಕೆ ಒಂದೇ ಪಟ್ಟಿ ಸಾಕು," ಅಂದರು.

ಪೊಟ್ಟಣದ ತಳದಲ್ಲಿ ಇನ್ನೊಂದು ವಸ್ತುವಿದೆ. ಶೀರ್ಷಿಕೆಗೆ ಬಳಸುತ್ತಿದ್ದ ದೊಡ್ಡ ಅಚ್ಚುಮೊಳೆ, 'ಅ'. ಚಿಕ್ಕವಳಿದ್ದಾಗ ಹಲ್ಲು ಬರುವ ಮೊದಲೇ ನೀನು ಕಚ್ಚಿದ ಅಕ್ಷರ. ಸುಮ್ಮನೆ ಇರಲಿ.

ಮುಖ್ಯಸ್ಥರಿಗೆ ಪತ್ರ ಬರೆದೆ. ವಾದ ಮಾಡಿಲ್ಲ.

ಅಮ್ಮ

&nbsp;

ನವೆಂಬರ್ 22

ಅಮ್ಮಾ,

ಪರೀಕ್ಷೆ ಮುಗಿಯಿತು. ಕ್ರಮವಾಗಿ ಹೇಳುತ್ತೇನೆ, ರೇಡಿಯೋ ಅಡ್ಡ ಬಾಯಿ ಹಾಕದಿದ್ದರೆ. (ಹಾಕುತ್ತಿದ್ದಾಳೆ.)

ನಿನ್ನ ಸಹಿಯಿಲ್ಲದ ಪತ್ರ ಬಂದ ಮೇಲೆ ಮುಖ್ಯಸ್ಥರು ನನ್ನನ್ನು ಕರೆಸಿ, "ನಿಮ್ಮಮ್ಮ ವಕೀಲರಾ?" ಅಂದರು. "ಪ್ರೂಫ್ ರೀಡರ್ ಸಾರ್." "ಅದಕ್ಕೇ," ಅಂದರು. ಸಹಿಯಿಲ್ಲದೆ ನನ್ನನ್ನು ಕಳಿಸುವಂತಿಲ್ಲ, ಪ್ರಯೋಗವಿಲ್ಲದೆ ಪಾಸು ಮಾಡುವಂತಿಲ್ಲ. ಈ ವರ್ಷಕ್ಕೆ ಉಳಿದವುಗಳ ಬದಲು ಕೈವಾರದ ಪ್ರಯೋಗ ನಡೆಸಿ ತೋರಿಸು, ತಪ್ಪಾದರೆ ನೀನಾಗಿಯೇ ಹೋಗಬೇಕು ಅಂದರು. ಒಪ್ಪಿದೆ. ಇದನ್ನು ಮೊದಲೇ ಬರೆದಿದ್ದರೆ ನೀನು ನಿದ್ದೆ ಬಿಡುತ್ತಿದ್ದೆ, ಅದಕ್ಕೇ ಬರೆಯಲಿಲ್ಲ. (ನಾನೂ ಒಂದು ಪುಟ ಬಿಟ್ಟೆ. ಈಗ ಸರಿಸಮ.)

ಆ ದಿನ ಪ್ರಯೋಗಕ್ಕೆ ಯಾರನ್ನು ಕೂರಿಸಿಕೊಳ್ಳುತ್ತೀ ಅಂದರು. ಎಲ್ಲರೂ ಅವರವರ ಗೆಳತಿಯರನ್ನು ಕೂರಿಸಿಕೊಂಡಿದ್ದರು. ರೇಡಿಯೋ ಆಗಲೇ ಕುರ್ಚಿ ಎಳೆದುಕೊಂಡಿದ್ದಳು. ನಾನು ಅಂದೆ, "ಮೊದಲ ಪ್ರಯೋಗಶಾಲೆಯಲ್ಲಿ ಪ್ರೊಫೆಸರೇ ಕೂರ್ತಿದ್ರಂತೆ ಸಾರ್. ನೀವು ಕೂರ್ತೀರಾ?"

ಆಮೇಲೆ ಕೊರಳಿನಿಂದ ಸ್ಟಾಪ್‌ವಾಚ್ ತೆಗೆದು ಮೇಜಿನ ಮೇಲಿಟ್ಟ ಸದ್ದು. "ಓದಿಕೊಂಡು ಬಂದಿದ್ದೀಯ," ಅಂದರು. ಕೂತರು.

ಬಟ್ಟೆ ನಾನೇ ಕಟ್ಟಿದೆ. ತೋಳು ಚಾಚಿ ಅಂದರೆ ಅವರು ಮೊದಲು ಕುರ್ಚಿಯ ಕೈ ಹಿಡಿದುಕೊಂಡರು, ಗಟ್ಟಿಯಾಗಿ. ಅದು ನನಗೆ ಗೊತ್ತಿರುವ ಹಿಡಿತ. ಹೊಸ ಜಾಗದಲ್ಲಿ ನಾನೂ ಹಾಗೇ ಹಿಡಿಯುತ್ತೇನೆ. "ನಾನು ಇಲ್ಲೇ ಎದುರಿಗಿದ್ದೀನಿ ಸಾರ್. ಒಂದೋ ಎರಡೋ ಅಂತ ಹೇಳಿದ್ರೆ ಸಾಕು," ಅಂದೆ. ಗೇಲಿ ಮಾಡಬೇಕೆಂದು ಒಂದು ವಾರದಿಂದ ಮಾತು ಕೂಡಿಟ್ಟುಕೊಂಡಿದ್ದೆ. ಆ ಹಿಡಿತ ಮುಟ್ಟಿದ ಮೇಲೆ ಒಂದೂ ಆಡಲಿಲ್ಲ.

ಪಟ್ಟಿ ಇಟ್ಟು, ಎಣಿಸಿ, ತಾಗಿಸಿ, ಉತ್ತರ ಒತ್ತಿ ಬರೆದೆ. ಕಡಿಮೆಯಿಂದ ಹೆಚ್ಚಿಗೆ ಹೋದೆ, ಹೆಚ್ಚಿನಿಂದ ಕಡಿಮೆಗೆ ಬಂದೆ, ಪುಸ್ತಕದಲ್ಲಿ ಹೇಳಿದ ಹಾಗೆ. ಮುಂಗೈಯ ಮೇಲೆ ಬೆರಳಗಲದ ಅಂತರಕ್ಕೂ ಅವರು "ಒಂದು" ಅಂದರು. ರೇಡಿಯೋ ಕಿಸಕ್ಕೆಂದಳು. "ನಗೋದೇನಿದೆ? ಎಲ್ಲರ ತೋಳೂ ಹಾಗೇ," ಅಂತ ನಾನೇ ಗದರಿದೆ.

ಮುಗಿದ ಮೇಲೆ ಬಟ್ಟೆ ಬಿಚ್ಚಲು ಕೈ ಎತ್ತಿದರು. "ಒಂದು ನಿಮಿಷ ಸಾರ್, ಇದು ಪರೀಕ್ಷೆಯದ್ದಲ್ಲ," ಅಂತ ಅಂಗೈಯಲ್ಲಿ ನಿನ್ನ ಅಚ್ಚುಮೊಳೆ ಇಟ್ಟೆ. "ದಿನಾ ನೋಡ್ತೀರಿ. ಏನು ಹೇಳಿ."

ಅತ್ತ ಇತ್ತ ಹೊರಳಿಸಿದರು. ಉಗುರಿನಿಂದ ಕೆರೆದರು. ಬಹಳ ಹೊತ್ತು. "ಬಾಗಿಲ ಚಿಲಕದ ತುಂಡಾ?"

ಬಿಚ್ಚಿದೆ. ಯಾರೂ ನಗಲಿಲ್ಲ, ಅವರೇ ಮೊದಲು ನಕ್ಕರು. "ಇದನ್ನ ತಿದ್ದಿ ತಿದ್ದಿಯೇ ನಾನು ಬರೆಯೋಕೆ ಕಲಿತಿದ್ದು," ಅಂದರು. ಆಗ ನಾನು ಆವತ್ತು ತರಗತಿಯಲ್ಲಿ ಬಾಯಿಗೆ ಬರದಿದ್ದ ಮಾತು ಹೇಳಿದೆ. "ಸಾರ್, ಕುರುಡನಿಗೆ ಕಣ್ಣು ಬಂದರೆ ನೋಡಿ ಗುರುತಿಸ್ತಾನಾ ಅಂತ ಎಲ್ಲರೂ ಕೇಳಿದ್ರು. ಕಣ್ಣಿದ್ದವನ ಕೈಗೆ ಕೊಟ್ಟರೆ ಮುಟ್ಟಿ ಗುರುತಿಸ್ತಾನಾ ಅಂತ ನಮ್ಮ ತರಗತಿಯಲ್ಲಿ ಯಾರೂ ಕೇಳಲಿಲ್ಲ."

ಅವರು ಮೊಳೆಯನ್ನು ಕೂಡಲೇ ವಾಪಸು ಕೊಡಲಿಲ್ಲ. ನನ್ನ ಅಳತೆಗಳನ್ನು ಅಳತೆಪಟ್ಟಿಯಿಟ್ಟು ಒಂದೊಂದಾಗಿ ಪರೀಕ್ಷಿಸಿದರು, ರಿಯಾಯಿತಿ ಕೊಡಲಿಲ್ಲ. ಒಂದರಲ್ಲಿ ಪಟ್ಟಿ ಎಣಿಸಲು ತಪ್ಪಿದ್ದೆ, ಅಂಕ ಕಳೆದರು. ಪಾಸು. "ಮುಂದಿನ ವರ್ಷ ಬಣ್ಣದ ತಟ್ಟೆ ಕಡ್ಡಾಯ ಕಣಮ್ಮ. ಅದಕ್ಕೇನು ಮಾಡ್ತೀಯ?"

"ಗೊತ್ತಿಲ್ಲ ಸಾರ್. ಇಲ್ಲೇ ಇರ್ತೀನಲ್ಲ, ಇಬ್ಬರೂ ಯೋಚ್ನೆ ಮಾಡೋಣ."

ನೀನು ಹೇಳಿದ್ದು ನಿಜ, ಪ್ರತಿ ವರ್ಷ ಮತ್ತೆ ಗೆಲ್ಲಬೇಕು. ಸುಸ್ತೂ ಆಗುತ್ತದೆ. ಆ ದಿನ ಊಟವನ್ನೂ ಮಾಡದೆ ಮಲಗಿದೆ. ಆದರೆ ಹೋಗುವುದಿಲ್ಲ.

ನಿನ್ನ ಪುಟ್ಟಿ

&nbsp;

ಡಿಸೆಂಬರ್ 1

ಪ್ರೀತಿಯ ಪುಟ್ಟಿ,

ನಿನ್ನ ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಚಿಲಕದ ತುಂಡಿನ ಹತ್ತಿರ ಬಂದಾಗ ಮತ್ತೆ ಓದು ಅಂದಳು, ಮತ್ತೆ ಓದಿದೆ. ಪೆನ್ನನ್ನು ಈಗ ತಾನೇ ಮೇಜಿನ ಮೇಲೆ ತಂದಿಟ್ಟಿದ್ದಾಳೆ.

ಈ ಕ್ಯಾಸೆಟ್ಟಿನ ಮೂಲೆಯಲ್ಲಿ ಎರಡು ಗೀರು, ಪಕ್ಕದಲ್ಲಿ ಒಂದು ಚುಕ್ಕಿ. ಬಿಟ್ಟಿದ್ದ ಎರಡು ಪುಟ ಓದಿದ್ದೇನೆ, ಅಡಿಟಿಪ್ಪಣಿ ಸಮೇತ. ದನಿ ಒಂದು ಕಡೆ ಸ್ವಲ್ಪ ಅಳ್ಳಾಡಿದೆ. ಅಳಿಸಿ ಮತ್ತೆ ಓದೋಣವೆಂದುಕೊಂಡೆ, ಆಮೇಲೆ ಇರಲಿ ಬಿಡು ಎಂದು ಬಿಟ್ಟೆ. ಹಿಂದಿನಿಂದ, "ಇದನ್ನ ಓದೋಕೆ ಇಷ್ಟು ತಿಂಗಳು ಬೇಕಾಯ್ತಾ?" ಎಂಬ ದನಿ ಯಾರದೆಂದು ಹೇಳಬೇಕಾಗಿಲ್ಲ.

ಕಾಮಾ, ಪೂರ್ಣವಿರಾಮ ಓದಿಲ್ಲ. ಆ ಪ್ರಶ್ನೆ ಮುಗಿಯುವಲ್ಲಿ ಮಾತ್ರ ಬೇಕೆಂದೇ "ಪ್ರಶ್ನೆಚಿಹ್ನೆ" ಎಂದು ಗಟ್ಟಿಯಾಗಿ ಓದಿದ್ದೇನೆ. ಅಲ್ಲಿಂದಾಚೆಗೆ ಕ್ಯಾಸೆಟ್ಟು ಖಾಲಿಯಿದೆ. ನಿನಗೆ ಏನನ್ನಿಸುತ್ತದೆ ಎಂದು ನನಗೆ ನಿಜವಾಗಿ ಗೊತ್ತಿಲ್ಲ, ತಿಳಿಯುವ ಆಸೆಯಿದೆ.

ಟೇಪ್ ರೆಕಾರ್ಡರಿನ ಅಂಚಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ದಾಖಲಾಗುತ್ತದೆ. ಮೆಲ್ಲಗೆ ಮಾತಾಡಬೇಡ. ಗೋಡೆಯಾಚೆಯವರಿಗೂ ಕೇಳಲಿ.

ನಿನ್ನ ಅಮ್ಮ